ಕೊಡವಬಾರದ ಬಟ್ಟೆ

ನನ್ನ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದಳು. ಅದು ನೆಲಮಾಳಿಗೆಯಲ್ಲಿರುವ, ಕಿಟಕಿಯೇ ಇಲ್ಲದ ಉದ್ದನೆಯ ಕೋಣೆ. ಒಂದು ಗೋಡೆಗೆ ಆರು ಒಗೆಯುವ ಯಂತ್ರ, ಎದುರು ಗೋಡೆಗೆ ನಾಲ್ಕು ಒಣಗಿಸುವ ಯಂತ್ರ, ನಡುವೆ ಮಡಿಸುವ ಮೇಜು. ಒಣಗಿಸುವ ಯಂತ್ರದಿಂದ ಹೊರಬಂದ ಹಾಸಿಗೆ ಬಟ್ಟೆ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಅದನ್ನು ಬಿಡಿಸಲು ಅಲ್ಲಿಯ ಹೆಂಗಸರಿಗೆ ಗೊತ್ತಿದ್ದದ್ದು ಒಂದೇ ದಾರಿ. ಎರಡು ಮೂಲೆ ಹಿಡಿದು, ಮಣಿಕಟ್ಟು ತಿರುಗಿಸಿ, ಒಂದೇ ಏಟಿಗೆ ಕೊಡವಬೇಕು. ಉಳಿದವರು ಕೊಡವಿದರೆ ‘ಪಟ್’ ಎನ್ನುತ್ತಿತ್ತು. ಅಕ್ಕ ಕೊಡವಿದರೆ ‘ಛಟಾರ್’. ಹೊಸದಾಗಿ ಬಂದ ಡಾಕ್ಟರೊಬ್ಬರು ಮೆಟ್ಟಿಲ ಮೇಲೆ ಆ ಸದ್ದು ಕೇಳಿ, ಏನೋ ಸಿಡಿಯಿತೆಂದು ಕಾವಲುಗಾರನನ್ನು ಎಳೆದುಕೊಂಡು ಇಳಿದುಬಂದಿದ್ದರಂತೆ. ಆವತ್ತಿನಿಂದ ಆಸ್ಪತ್ರೆಯಲ್ಲಿ ಅವಳು ‘ಚಾಟಿ ಅಕ್ಕ’.

ಮನೆಯಲ್ಲೂ ಅಷ್ಟೇ. ಟವೆಲ್ ಕೊಡವುತ್ತಿದ್ದಳು, ಕಾಲೊರಸು ಕೊಡವುತ್ತಿದ್ದಳು. ನಾನು ಓದುತ್ತಿದ್ದ ಪೇಪರನ್ನೂ ಕಿತ್ತುಕೊಂಡು ಒಂದು ಸಲ ಕೊಡವಿ ಮಡಿಸಿ ಇಡುತ್ತಿದ್ದಳು. ಸುದ್ದಿಯೆಲ್ಲ ಉದುರಿಹೋಯಿತು ಎಂದು ನಾನು ರೇಗುತ್ತಿದ್ದೆ.

ಭಾವ ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿಲ್ಲ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಅವಳ ವಾಸ. ಕೆಳಗೆ ನಾನು, ನನ್ನ ಹೆಂಡತಿ, ಅಮ್ಮ. ನಾನು ಪ್ಲಂಬರ್. ಐದನೇ ಕ್ಲಾಸು ಪಾಸು. ಆರರಲ್ಲಿ ಮೇಷ್ಟರ ಜೊತೆ ಜಗಳ ಆಯಿತು, ಅಲ್ಲಿಗೆ ಮುಗಿಯಿತು. ಅಕ್ಕ ಎಂಟರ ತನಕ ಓದಿದಳು. ಚುರುಕಿದ್ದಳು. ಆದರೆ ಅಪ್ಪ ಹೋದ ವರ್ಷ ಅದು, ಮನೆಗೆ ದುಡಿಯುವ ಕೈ ಬೇಕಾಗಿತ್ತು, ಬಿಟ್ಟಳು. ಅದರ ಬಗ್ಗೆ ಅವಳು ಎಂದೂ ಮಾತೆತ್ತಿದ್ದಿಲ್ಲ. ಅಮ್ಮನೂ ಎತ್ತಿದ್ದಿಲ್ಲ.

ಅವಳಿಗೆ ಐವತ್ತೆರಡು ತುಂಬಿದ ವರ್ಷ ಒಂದು ಸಂಜೆ ಕೈಯಲ್ಲಿ ಕಾಗದ ಹಿಡಿದು ಬಂದಳು. ಅದನ್ನು ಕೊಡವದೆ ಮೇಜಿನ ಮೇಲೆ ಇಟ್ಟಳು. ಆಗಲೇ ಏನೋ ಕೆಟ್ಟದ್ದೇ ಆಗಿದೆ ಎಂದುಕೊಂಡೆ.

“ಏನಕ್ಕಾ ಅದು?”

“ಬಟ್ಟೆ ಒಗೆಯೋದನ್ನ ಹೊರಗಿನ ಕಂಪನಿಗೆ ಕೊಡ್ತಾರಂತೆ. ಎಂಟು ತಿಂಗಳು ಟೈಮು. ಆಮೇಲೆ ಯಂತ್ರಾನೂ ಇಲ್ಲ, ನಾವೂ ಇಲ್ಲ.”

“ಯಾವನವನು ಹೇಳಿದ್ದು? ನಡಿ, ನಾನೇ ಬರ್ತೀನಿ.”

“ನೀನು ಬಂದು ಏನ್ ಮಾಡ್ತೀಯಾ? ಅವರ ನಲ್ಲಿ ಬಿಚ್ಚಿಟ್ಟು ಬರ್ತೀಯಾ?”

ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ಅವಳನ್ನು ನೋಡಿದ ನೋಟಕ್ಕೆ ಅಡುಗೆಮನೆಗೆ ಹೋಗಿ ಅಲ್ಲಿ ನಕ್ಕಳು.

ಕಾಗದದ ಕೆಳಗೆ ಇನ್ನೊಂದು ಮಾತಿತ್ತು. ಆಪರೇಷನ್ನಿಗೆ ಬಳಸುವ ಕತ್ತರಿ, ಚಿಮಟ ಇತ್ಯಾದಿಗಳನ್ನು ತೊಳೆದು, ಎಣಿಸಿ, ಬಟ್ಟೆಯಲ್ಲಿ ಕಟ್ಟಿ, ಆವಿಯ ಯಂತ್ರದಲ್ಲಿ ಕ್ರಿಮಿಯಿಲ್ಲದಂತೆ ಮಾಡುವ ಕೋಣೆಯೊಂದು ಆಸ್ಪತ್ರೆಯಲ್ಲಿದೆ. ಎಲ್ಲರೂ ಅದನ್ನು ಸಲಕರಣೆ ಕೋಣೆ ಎನ್ನುತ್ತಾರೆ. ಅಲ್ಲಿ ಎರಡು ಜಾಗ ಖಾಲಿ. ಒಗೆಯುವ ವಿಭಾಗದವರು ಯಾರಾದರೂ ಕಾಲೇಜಿಗೆ ಹೋಗಿ ಆ ಕೋರ್ಸಿನ ಮೊದಲ ಭಾಗ ಪಾಸು ಮಾಡಿ, ಎಂಟನೇ ತಿಂಗಳ ಕೊನೆಯ ದಿನ ಸಂಜೆ ಐದರೊಳಗೆ ಪಾಸಾದ ಅಂಕದ ಹಾಳೆ ತಂದುಕೊಟ್ಟರೆ ಅವರಿಗೇ ಮೊದಲ ಹಕ್ಕು. ಐದು ಗಂಟೆ ದಾಟಿದರೆ ಜಾಹೀರಾತು ಹಾಕಿ ಹೊರಗಿನವರನ್ನು ತೆಗೆದುಕೊಳ್ಳುತ್ತಾರೆ.

ಕಾಲೇಜಿನ ಫೀಸು ನಮ್ಮ ಕೈಗೆಟುಕುವಂತಿರಲಿಲ್ಲ. ನಾನು ಬೈಕ್ ಮಾರುತ್ತೇನೆ ಅಂದೆ. “ಆ ಬೈಕನ್ನ ತಗೊಂಡು ಹೋಗೋಕೆ ನಾವೇ ದುಡ್ಡು ಕೊಡಬೇಕಾಗತ್ತೆ” ಎಂದಳು ಅಕ್ಕ. ಕೊನೆಗೆ ದಾರಿ ತೋರಿಸಿದ್ದು ಆಸ್ಪತ್ರೆಯ ದೊಡ್ಡ ನರ್ಸಮ್ಮ. ಓದಿನ ಸಾಲ ಈಗ ಹುಡುಗರಿಗೆ ಮಾತ್ರವಲ್ಲ, ಅರ್ಧ ವಯಸ್ಸು ಕಳೆದವರಿಗೂ ಇದೆ, ಹೋಗಿ ಕೇಳು ಎಂದರಂತೆ.

ಸಾಲ ಎಂದರೆ ನನಗೆ ಮೈ ಉರಿಯುತ್ತದೆ. ಅವಳು ಒಬ್ಬಳೇ ಹೋದರೆ ಯಾವನೋ ಟೋಪಿ ಹಾಕುತ್ತಾನೆ ಎಂದು ಜೊತೆಗೆ ನಾನೂ ಹೊರಟೆ.

ಮೂರನೇ ಮಹಡಿಯ ಆಫೀಸು. ಕುರ್ಚಿಗಳ ತುಂಬ ಮೀಸೆ ಮೂಡದ ಹುಡುಗರು, ಅವರ ಅಪ್ಪಂದಿರು. ನಮ್ಮ ಸರದಿ ಬಂದಾಗ ಕಿಟಕಿಯ ಆಚೆ ದಪ್ಪ ಕನ್ನಡಕದ ಗುಮಾಸ್ತ ನಮ್ಮ ಹಿಂದೆ ಇಣುಕಿ ನೋಡಿದ.

“ಎಲ್ಲಿ, ಓದೋ ಮಗು?”

“ನಾನೇ” ಎಂದಳು ಅಕ್ಕ.

ಅವನು ಪುಣ್ಯಕ್ಕೆ ನಗಲಿಲ್ಲ. ನಕ್ಕಿದ್ದರೆ ಆ ಕಿಟಕಿಯ ಗಾಜು ಇವತ್ತು ಇರುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ವಿವರಿಸಿದ.

“ಇಡೀ ಕೋರ್ಸಿಗೆ ಒಟ್ಟಿಗೆ ತಗೋಬೇಕಾಗಿಲ್ಲಮ್ಮ. ಒಂದು ಭಾಗಕ್ಕೆ ಎಷ್ಟು ಬೇಕೋ ಅಷ್ಟೇ ತಗೊಳ್ಳಿ. ಮುಗಿಸಿ ಸುಸ್ತಾಯ್ತಾ, ಒಂದು ವರ್ಷ ಬಿಟ್ಟು ಬನ್ನಿ, ಆರು ವರ್ಷ ಬಿಟ್ಟು ಬನ್ನಿ. ನಿಮ್ಮ ಪಾಲು ಎಲ್ಲೂ ಹೋಗಲ್ಲ.”

“ತೀರಿಸೋದು?” ಎಂದೆ ನಾನು.

“ಸಂಬಳ ಒಂದು ಮಟ್ಟ ದಾಟಿದ ಮೇಲೆ ಅದರಿಂದಲೇ ಸ್ವಲ್ಪ ಸ್ವಲ್ಪ ಹೋಗತ್ತೆ.”

“ದಾಟದೇ ಇದ್ರೆ?”

“ಹೋಗಲ್ಲ.”

ಸಿಟ್ಟು ನೆತ್ತಿಗೇರಿತು. “ರೀ, ನನ್ನನ್ನ ಏನಂದ್ಕೊಂಡಿದೀರಿ? ಸಂಬಳ ಬರದಿದ್ರೆ ಕೇಳಲ್ಲ ಅಂದ್ರೆ ಅದೆಂಥ ಸಾಲ? ಎಲ್ಲಿದೆ ಅದು, ಇರುವೆ ಅಕ್ಷರದಲ್ಲಿ ಬರೆದಿರೋದು? ತೆಗೀರಿ ಹೊರಗೆ!”

ಅವನು ಡ್ರಾಯರಿನಿಂದ ಒಂದು ಭೂತಗನ್ನಡಿ ತೆಗೆದು ನನ್ನ ಮುಂದಿಟ್ಟ. “ನಿಮ್ಮಂಥವರಿಗೆ ಅಂತಲೇ ಇಟ್ಟಿದೀನಿ ಅಣ್ಣ. ಆ ಕಡೆ ಕೂತ್ಕೊಂಡು ಪೂರ್ತಿ ಓದಿ.”

ಕೂತು ಓದಿದೆ. ಹನ್ನೊಂದು ಪುಟ, ಮುಕ್ಕಾಲು ಗಂಟೆ. ಮೋಸ ಎಲ್ಲೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಅಕ್ಕ ಫಾರಂ ತುಂಬಿ ಮುಗಿಸಿ, ಗುಮಾಸ್ತನ ಹತ್ತಿರ ಅವನ ಮಗಳ ಕೆಮ್ಮಿನ ವಿಚಾರ ಮಾತಾಡುತ್ತಿದ್ದಳು.

ಒಂದೇ ತೊಡಕು. ಫಾರಂ ಇನ್ನೂ ಹಳೆಯದು, ಹುಡುಗರ ಕಾಲದ್ದು. ಕೊನೆಯಲ್ಲಿ ‘ತಂದೆ ಅಥವಾ ತಾಯಿಯ ಸಹಿ’ ಎಂದು ಒಂದು ಚೌಕ. ಅದು ಖಾಲಿಯಿದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲವಂತೆ.

“ತಂದೆ ತಾಯಿ ಯಾರಾದ್ರೂ...” ಗುಮಾಸ್ತ ಅರ್ಧಕ್ಕೆ ನಿಲ್ಲಿಸಿದ.

“ಅಮ್ಮ ಇದಾರೆ. ಎಪ್ಪತ್ತೆಂಟು” ಎಂದಳು ಅಕ್ಕ.

“ಅಬ್ಬ, ನಾನು ಬದುಕಿದೆ!” ಎಂದ ಅವನು. “ಹೋದ ವಾರ ಒಬ್ಬರು ಅರವತ್ತೊಂದರವರು ಬಂದಿದ್ರು. ಏನ್ ಮಾಡೋದು ಅಂತ ಇನ್ನೂ ಮೇಲಿನವರಿಗೆ ಬರೆದು ಕೂತಿದೀನಿ.”

ಅಮ್ಮ ಫಾರಮ್ಮನ್ನು ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಳು. ಬೇಗ ಸಹಿ ಹಾಕಮ್ಮ ಎಂದು ನಾನು ಹೇಳಿದರೆ “ಕೇಳದೆ ಗೀಚೋಕೆ ನಾನೇನು ನಿನ್ನ ಥರ ದುಡುಕ್ತೀನಾ?” ಎಂದಳು. ವಿಚಾರಣೆ ಶುರುವಾಯಿತು.

“ಎಷ್ಟು ಗಂಟೆಗೆ ಬಿಡ್ತಾರೆ?”

“ಸಂಜೆ ಏಳಕ್ಕಮ್ಮ. ವಾರಕ್ಕೆ ಮೂರು ದಿನ” ಎಂದಳು ಅಕ್ಕ.

“ಹುಡುಗರು ಇರ್ತಾರಾ?”

“ಇರ್ತಾರೆ.”

“ಇರಲಿ. ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬಾ.”

“ಅಮ್ಮಾ, ನನಗೆ ಐವತ್ತೆರಡು. ಅವರೇ ತಲೆ ತಗ್ಗಿಸ್ತಾರೆ.”

ಮೂರನೇ ದಿನ ಬೆಳಿಗ್ಗೆ ಅಮ್ಮ ಪೆನ್ನು ಕೇಳಿದಳು. ಒಂದೊಂದೇ ಅಕ್ಷರ ಮೂಡಿಸಿದಳು, ಪೆನ್ನು ಮುಚ್ಚಿದಳು. “ಒಂಬತ್ತನೇ ಕ್ಲಾಸಿನ ಫಾರಮ್ಮಿಗೂ ಹಾಕಬೇಕಿತ್ತು ನಾನು” ಎಂದಳು. ಅಕ್ಕ ಫಾರಂ ತೆಗೆದುಕೊಂಡು ಮೇಲಕ್ಕೆ ಹೋದವಳು ಬಹಳ ಹೊತ್ತು ಕೆಳಗೆ ಬರಲಿಲ್ಲ.

ಆಮೇಲಿನ ಆರು ತಿಂಗಳು ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಸಹಿ ಹಾಕಿದವಳು ತಾನು, ಹಾಗಾಗಿ ಜವಾಬ್ದಾರಿಯೂ ತನ್ನದೇ ಎಂದು ಅಮ್ಮ ಹಾಜರಿ ಇಟ್ಟಳು. ಅಕ್ಕ ಏಳೂ ಇಪ್ಪತ್ತಕ್ಕೆ ಬಂದರೆ “ಇಪ್ಪತ್ತು ನಿಮಿಷ ಎಲ್ಲಿದ್ದೆ?” ಎಂದು ಕೇಳುವಳು. ಬಸ್ಸಿನಲ್ಲಿದ್ದೆ ಎಂದರೆ ನಂಬಳು. ಅಕ್ಕನಿಗೆ ಕಾಲೇಜಿನಲ್ಲಿ ಕಲಿತದ್ದನ್ನು ಮನೆಯಲ್ಲಿ ಮಾಡಿ ನೋಡುವ ಹುಚ್ಚು. ಆಪರೇಷನ್ನಿನ ಕತ್ತರಿ, ಚಿಮಟ ನಮ್ಮಲ್ಲಿಲ್ಲ. ಇದ್ದದ್ದು ನನ್ನ ಸ್ಪ್ಯಾನರುಗಳು. ಹಳೆಯ ಹಾಸಿಗೆ ಬಟ್ಟೆಯನ್ನು ಚೌಕವಾಗಿ ಕತ್ತರಿಸಿ, ಒಂದೊಂದು ಸೆಟ್ಟನ್ನೂ ಎರಡು ಪದರದಲ್ಲಿ ಲಕೋಟೆಯಂತೆ ಮಡಿಸಿ, ಟೇಪ್ ಹಚ್ಚಿ, ಮೇಲೆ ತಾರೀಖು ಬರೆದು ಸಹಿ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಅಮ್ಮನ ಹಲ್ಲಿನ ಸೆಟ್ಟು ಕಾಣಲಿಲ್ಲ. ಹುಡುಕಿದರೆ ಅದೂ ಒಂದು ಪೊಟ್ಟಣದೊಳಗೆ, ‘ಮೇಲಿನದು ಒಂದು, ಕೆಳಗಿನದು ಒಂದು, ಒಟ್ಟು ಎರಡು’ ಎಂಬ ಚೀಟಿಯೊಂದಿಗೆ. ಬೋಳು ಬಾಯಲ್ಲಿ ಅಮ್ಮ ಅವತ್ತು ಬೈದದ್ದು ಯಾರಿಗೂ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ನನ್ನ ಪಾಡು ಇನ್ನೂ ಚೆನ್ನಾಗಿತ್ತು. ಒಬ್ಬರ ಮನೆಯ ಬಚ್ಚಲಲ್ಲಿ ದೊಡ್ಡ ಪೈಪು ಒಡೆದು ನೀರು ಚಾವಣಿಗೆ ಹಾರುತ್ತಿದೆ, ಮನೆಯ ಯಜಮಾನಿ ಮಂಚದ ಮೇಲೆ ಹತ್ತಿ ನಿಂತು ಕೂಗುತ್ತಿದ್ದಾಳೆ. ನಾನು ಚೀಲ ಬಿಚ್ಚಿದರೆ ಒಳಗೆ ಹನ್ನೊಂದು ಬಿಳಿ ಪೊಟ್ಟಣ! ಅಕ್ಕನಿಗೆ ಫೋನ್ ಮಾಡಿದೆ.

“ಹದಿನಾಲ್ಕರ ಸ್ಪ್ಯಾನರ್ ಯಾವುದರಲ್ಲಿದೆ?”

“ಮೇಲೆ ಚೀಟಿ ಇದೆಯಲ್ಲ, ಓದ್ಕೋ.”

“ಚೀಟಿ ಕೊಚ್ಕೊಂಡು ಹೋಯ್ತು!”

“ಸರಿ, ಯಾವುದಾದ್ರೂ ಒಂದು ಬಿಚ್ಚು. ಕೈ ತೊಳ್ಕೊಂಡ್ಯಾ?”

“ಅಕ್ಕಾ, ನಾನು ಸೊಂಟದ ತನಕ ತೊಳೆದುಹೋಗಿದೀನಿ!”

“ಕೂಗಬೇಡ. ಆ ಕಡೆಯ ಮಡಿಕೆ ಮೊದಲು ತೆಗಿ, ಆಮೇಲೆ ಎಡ ಬಲ, ನಿನ್ನ ಕಡೆಯದು ಕೊನೆಗೆ. ಒಳಗಡೆ ಮುಟ್ಟಬೇಡ.”

ಫೋನನ್ನು ಬಕೆಟ್ಟಿಗೆ ಹಾಕಿದೆ. ಬೇಕೆಂದು ಹಾಕಲಿಲ್ಲ, ಕೈ ಜಾರಿತು ಎಂದು ಮನೆಯಲ್ಲಿ ಹೇಳಿದ್ದೇನೆ.

ಏಳನೇ ತಿಂಗಳ ಮೊದಲಲ್ಲಿ ಪರೀಕ್ಷೆ. ಬರೆಯುವುದರಲ್ಲಿ ನೂರಕ್ಕೆ ಎಪ್ಪತ್ತಮೂರು ಬಂತು. ಅಮ್ಮ ಆ ಹಾಳೆಯನ್ನು ಹಾಲಿನವನಿಂದ ಹಿಡಿದು ಎಲ್ಲರಿಗೂ ತೋರಿಸಿದಳು. ಉಳಿದದ್ದು ಕೈಕೆಲಸದ ಪರೀಕ್ಷೆ. ಗಾರ್ಡಿಯನ್ ಬರಲೇಬೇಕೆಂದು ಅಮ್ಮನ ಹಟ, ಆದರೆ ಅವಳ ಮೊಣಕಾಲು ಒಪ್ಪಲಿಲ್ಲ. ಅವಳ ಬದಲಿಗೆ ನಾನು ಹೋದೆ. ಕಾಲೇಜಿನ ಕಾರಿಡಾರಿನಲ್ಲಿ ಒಂದು ಬೆಂಚು. ಎದುರಿಗೆ ಪರೀಕ್ಷೆಯ ಕೋಣೆ, ಅದರ ಅರ್ಧ ಗೋಡೆ ಗಾಜು. ಬಾಗಿಲ ಚಿಲಕ ಕೆಟ್ಟು ಎರಡು ಬೆರಳಷ್ಟು ಸಂದು ಬಿಟ್ಟಿದ್ದರಿಂದ ಒಳಗಿನ ಮಾತೂ ಕೇಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ಕೇಳಿದಳು.

“ನಿಮ್ಮದು ಮಗನಾ, ಮಗಳಾ?”

“ಅಕ್ಕ” ಎಂದೆ.

ಅವಳು ಸ್ವಲ್ಪ ಸರಿದು ಕೂತಳು.

ಕೆಲಸ ಇಷ್ಟೇ. ಒಂದು ತಟ್ಟೆ ಸಲಕರಣೆ ಕೊಡುತ್ತಾರೆ. ಎಣಿಸಿ, ಪರೀಕ್ಷಿಸಿ, ಎರಡು ಬಟ್ಟೆಯಲ್ಲಿ ಕಟ್ಟಿ ಕೊಡಬೇಕು. ಹನ್ನೆರಡು ನಿಮಿಷ. ಪರೀಕ್ಷಕಿ ಮೂವತ್ತರ ಒಳಗಿನ ತೆಳ್ಳನೆಯ ಹುಡುಗಿ, ಕೈಯಲ್ಲಿ ಅಂಕದ ಹಾಳೆ. ಅಕ್ಕ ತಟ್ಟೆ ಎಣಿಸಿದಳು, ತಪ್ಪಿಲ್ಲ. ಕತ್ತರಿಯ ಬಾಯಿ ನೋಡಿದಳು, ಚಿಮಟದ ಹಲ್ಲು ನೋಡಿದಳು. ಆಮೇಲೆ ಬಟ್ಟೆ ಎತ್ತಿಕೊಂಡಳು. ಕ್ಲಾಸಿನಲ್ಲಿ ಅವರಿಗೆ ಕಾಗದದಂಥ ಬಳಸಿ ಬಿಸಾಡುವ ಹಾಳೆಯಲ್ಲಿ ಕಲಿಸಿದ್ದರು. ಅವತ್ತು ಕೊಟ್ಟದ್ದು ಒಗೆದ ಹತ್ತಿ ಬಟ್ಟೆ. ಇಪ್ಪತ್ತನಾಲ್ಕು ವರ್ಷದ ನೆಂಟನನ್ನು ಕೈ ಗುರುತು ಹಿಡಿದುಬಿಟ್ಟಿತು.

ಛಟಾರ್!

ಪರೀಕ್ಷಕಿಯ ಕೈಯಲ್ಲಿದ್ದ ಹಾಳೆ ಹಾರಿ ನೆಲಕ್ಕೆ ಬಿತ್ತು. ಬೆಂಚಿನ ಹೆಂಗಸು ಎದೆ ಹಿಡಿದುಕೊಂಡಳು. ಅಕ್ಕ ಬಟ್ಟೆಯ ಎರಡು ಮೂಲೆ ಹಿಡಿದು ಹಾಗೇ ನಿಂತಿದ್ದಳು, ಯಾರೋ ಬೇರೆಯವರು ಬಂದು ಕೊಡವಿ ಹೋದರು ಎನ್ನುವಂತೆ. ಪರೀಕ್ಷಕಿ ಬಗ್ಗಿ ಹಾಳೆ ಎತ್ತಿಕೊಂಡು, ಅದರ ಮೇಲೆ ಸೊನ್ನೆ ಬರೆದಳು.

ನಾನು ನುಗ್ಗಿದೆ. “ಒಂದು ಸಲ ಬಟ್ಟೆ ಕೊಡವಿದ್ದಕ್ಕೆ ಫೇಲಾ? ಚಿನ್ನ ಕದ್ದಳಾ ಅವಳು?”

ಆ ಹುಡುಗಿ ನನಗೆ ಹೆದರಲಿಲ್ಲ. “ಕೊಡವಿದ್ರೆ ನೂಲಿನ ಧೂಳು ಎದ್ದು ಸಲಕರಣೆ ಮೇಲೆ ಕೂರತ್ತೆ ಸಾರ್. ನಿಮ್ಮ ಹೊಟ್ಟೆ ಕೊಯ್ದು ಬಿಚ್ಚಿಟ್ಟಿರೋವಾಗ ಅದು ಒಳಗೆ ಬಿದ್ರೆ ಪರವಾಗಿಲ್ವಾ?”

ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

“ಅವರಿಗೆ ಇದು ಗೊತ್ತಿಲ್ಲದ್ದಲ್ಲ” ಎಂದಳು. “ಬರೆಯೋ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ತಗೊಂಡಿದಾರೆ.”

ನಮಗೆ ಆಮೇಲೆ ಹೊಳೆಯಿತು. ಮನೆಯಲ್ಲಿ ನೂರು ಪೊಟ್ಟಣ ಕಟ್ಟಿದಾಗಲೂ ಅವಳು ನೂರು ಸಲ ಕೊಡವಿಯೇ ಕಟ್ಟಿದ್ದಳು. ಗೋಡೆ ಗಡಿಯಾರದ ಸದ್ದಿನಂತೆ ಅದು ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ. ಅವಳ ಕಿವಿಗೂ.

ಬಸ್ಸಿನಲ್ಲಿ ಅಕ್ಕ ತನ್ನ ಎರಡು ಕೈಯನ್ನೂ ಮಡಿಲಲ್ಲಿ ಮಗುಚಿ ಇಟ್ಟುಕೊಂಡು ನೋಡುತ್ತಿದ್ದಳು.

“ಸಾಕು ಕಣೋ” ಎಂದಳು. “ಒಂದು ಭಾಗಕ್ಕೆ ತಾನೇ ಸಾಲ ತಗೊಂಡಿದ್ದು. ಇಲ್ಲಿಗೇ ನಿಲ್ಲಿಸ್ತೀನಿ. ಬೇಕಾದ್ರೆ ನಿಲ್ಲಿಸಬಹುದು ಅಂತ ಅವನೇ ಹೇಳಿದಾನಲ್ಲ.”

“ನಿಲ್ಲಿಸು. ಎರಡು ತಿಂಗಳಾದ ಮೇಲೆ ನನ್ನ ಜೊತೆ ಪೈಪ್ ಹೊರೋಕೆ ಬಾ.”

“ನಿನ್ನ ಜೊತೆ ಎರಡು ದಿನ ಕೆಲಸ ಮಾಡಿ ಉಳಿದೋರು ಯಾರಿದಾರೆ?”

“ಹಾಗಾದ್ರೆ ಬಾಯಿ ಮುಚ್ಚಿ ಪರೀಕ್ಷೆಗೆ ಕೂತ್ಕೋ!”

ಇಡೀ ಬಸ್ಸು ತಿರುಗಿ ನೋಡಿತು. ಅಕ್ಕ ಕಿಟಕಿಯ ಕಡೆ ಮುಖ ಮಾಡಿದಳು.

ಮಾರನೇ ದಿನ ಸಾಲದ ಆಫೀಸಿಗೆ ಇಬ್ಬರೂ ಹೋದೆವು. ಗುಮಾಸ್ತ ನನ್ನ ಮುಖ ನೋಡಿದ ಕೂಡಲೇ ಡ್ರಾಯರಿಗೆ ಕೈ ಹಾಕಿದ. ಬೇಡ ಎಂದೆ. ಫೇಲಾದ ಭಾಗವನ್ನು ಒಂದು ಸಲ ಮತ್ತೆ ಬರೆಯಬಹುದು, ಅದರ ಪರೀಕ್ಷೆ ಫೀಸೂ ಅದೇ ಸಾಲಕ್ಕೆ ಸೇರುತ್ತದೆ ಎಂದ. ಒಂದೇ ಸಲ. ಮುಂದಿನ ಕೈಕೆಲಸದ ಪರೀಕ್ಷೆ ಎಂಟನೇ ತಿಂಗಳ ಕೊನೆಯ ದಿನ, ಮಧ್ಯಾಹ್ನ ಮೂರೂವರೆಗೆ. ಆಸ್ಪತ್ರೆಯ ಗಡುವು ಅದೇ ದಿನ ಐದಕ್ಕೆ.

“ಮತ್ತೆ ಕೊಡವಿದ್ರೆ?” ಅಕ್ಕ ಕೇಳಿದಳು.

“ಅದನ್ನ ನಾನು ಸಾಲದಲ್ಲಿ ಕೊಡೋಕಾಗಲ್ಲಮ್ಮ” ಎಂದ ಗುಮಾಸ್ತ.

ಹೀಗೆ ಏಳು ವಾರ ಅಕ್ಕನ ಕೈಯಿಂದ ಕೊಡವುವುದನ್ನು ಬಿಡಿಸುವ ಕೆಲಸಕ್ಕೆ ಮನೆಮಂದಿಯೆಲ್ಲ ನಿಂತೆವು. ಉಪಾಯ ನನ್ನ ಹೆಂಡತಿಯದು. ಬಟ್ಟೆಯ ಮಡಿಕೆಯೊಳಗೆ ಒಂದು ಹಿಡಿ ಪೌಡರ್ ಹಾಕಿಡುವುದು. ಕೊಡವಿದರೆ ಮುಖಕ್ಕೇ ರಾಚಬೇಕು. ಮೊದಲ ದಿನ ಅಕ್ಕ ಹೊಸದಾಗಿ ಸುಣ್ಣ ಹೊಡೆದ ಗೋಡೆಯಾದಳು. ಅಮ್ಮ ಕುರ್ಚಿ ಹಾಕಿಕೊಂಡು ಎದುರಿಗೆ ಕೂತು, ಮಣಿಕಟ್ಟು ಸ್ವಲ್ಪ ತಿರುಗಿತೋ ಇಲ್ಲವೋ “ಕೈ!” ಎಂದು ಕಿರುಚುವಳು. ಆ ಕಿರುಚಾಟಕ್ಕೆ ಅಕ್ಕ ಬೆಚ್ಚಿ ಕೊಡವಿಬಿಡುವಳು. ನಾನು ಅಮ್ಮನನ್ನು ಬೈಯುವೆ, ಅಮ್ಮ ನನ್ನನ್ನು ಬೈಯುವಳು, ಎಲ್ಲರೂ ಸೀನುವೆವು. ಮನೆಯಲ್ಲಿ ಯಾವ ವಸ್ತು ಮುಟ್ಟಿದರೂ ಸುವಾಸನೆ. ಗ್ರಾಹಕನೊಬ್ಬ ನನ್ನನ್ನು ಮೂಸಿ ನೋಡಿ, “ಏನು ಸಾಹೇಬರು ಮದುವೆಗೆ ಹೊರಟ ಹಾಗಿದೆ” ಎಂದ. ಅವನ ಸಿಂಕನ್ನು ಅರ್ಧಕ್ಕೆ ಬಿಟ್ಟು ಬಂದೆ.

ಕಷ್ಟ ಅದಲ್ಲ. ಸಂಜೆ ಎರಡು ಗಂಟೆ ಹೊತ್ತು ಕೊಡವಬೇಡ ಎಂದು ಕಲಿತ ಕೈ, ಹಗಲು ಎಂಟು ಗಂಟೆ ಕೆಲಸದಲ್ಲಿ ಕೊಡವುತ್ತಿತ್ತು. ಕಲಿತದ್ದೆಲ್ಲ ತೂತು ಟ್ಯಾಂಕಿನ ನೀರಿನಂತೆ ಸೋರುತ್ತಿತ್ತು. ಎರಡು ವಾರ ಕಳೆದ ಮೇಲೆ ಅಕ್ಕ ಒಗೆಯುವ ವಿಭಾಗದ ಹೆಂಗಸರಿಗೆ ವಿಷಯ ಹೇಳಿದಳು. ನಗುತ್ತಾರೆ ಎಂದು ಅಷ್ಟು ದಿನ ಮುಚ್ಚಿಟ್ಟಿದ್ದಳು. ಅವರು ನಕ್ಕರು, ಚೆನ್ನಾಗಿ ಹೊಟ್ಟೆ ಹಿಡಿದುಕೊಂಡೇ ನಕ್ಕರಂತೆ. ಆಮೇಲೆ ಒಬ್ಬಳು, “ಅಕ್ಕಾ, ಇನ್ಮೇಲೆ ನೀನು ಬಟ್ಟೆ ಕೊಡವಬೇಡ. ನಾವು ಕೊಡವಿ ಮೇಜಿನ ಮೇಲೆ ಹಾಸ್ತೀವಿ, ನೀನು ಮಡಿಸು ಸಾಕು” ಎಂದಳಂತೆ. ಅವರಿಗೂ ಕೆಲಸ ಹೋಗುವುದಿತ್ತು. ಆದರೂ ಐದು ವಾರ ಅವಳ ಪಾಲಿನದ್ದನ್ನೂ ಅವರೇ ಕೊಡವಿದರು. ಇದನ್ನು ಅಕ್ಕ ಹೇಳಿದಾಗ ನನಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ.

ಕೊನೆಯ ದಿನ ಬಂತು. ಅದೇ ಬೆಂಚು, ಅದೇ ಚಿಲಕ, ಅದೇ ಪರೀಕ್ಷಕಿ. ಹಿಂದಿನ ಸಲದ ನೆನಪಿಗೋ ಏನೋ, ಅಂಕದ ಹಾಳೆಗೆ ಈ ಸಲ ಕ್ಲಿಪ್ಪು ಹಾಕಿದ್ದಳು. ಪರೀಕ್ಷೆ ತಡವಾಗಿ ಶುರುವಾಯಿತು. ಅಕ್ಕ ಒಳಗೆ ಹೋದಾಗ ನಾಲ್ಕಕ್ಕೆ ಹತ್ತು ನಿಮಿಷ.

ತಟ್ಟೆ ಎಣಿಸಿದಳು. ಸಲಕರಣೆ ನೋಡಿದಳು. ಬಟ್ಟೆಯ ಮುಂದೆ ಬಂದು ನಿಂತಳು. ನಿಂತಳು ಎಂದರೆ ನಿಂತೇ ಬಿಟ್ಟಳು. ಎರಡು ಕೈಯನ್ನೂ ಒಂದರೊಳಗೊಂದು ಹೆಣೆದು ಎದೆಗೆ ಒತ್ತಿ ಹಿಡಿದಿದ್ದಳು. ಒಂದು ನಿಮಿಷ ಹೋಯಿತು. ಎರಡು ಹೋಯಿತು. ನಾನು ಬೆಂಚಿನ ತುದಿಗೆ ಸರಿದೆ.

“ಶುರು ಮಾಡಿ ಅಮ್ಮ” ಎಂದಳು ಪರೀಕ್ಷಕಿ.

“ಮಾಡಿದೀನಿ.”

“ಏನ್ ಮಾಡ್ತಿದೀರಿ?”

“ಕೈ ಹಿಡ್ಕೊಂಡಿದೀನಿ.”

ನಾಲ್ಕನೇ ನಿಮಿಷಕ್ಕೆ ಬಿಟ್ಟಳು. ಬಟ್ಟೆಯನ್ನು ಮೇಜಿನಿಂದ ಎತ್ತಲೇ ಇಲ್ಲ. ಒಂದು ಮೂಲೆ ಹಿಡಿದು, ಮಲಗಿದ ಮಗುವಿನ ಮೇಲಿಂದ ಹೊದಿಕೆ ಸರಿಸಿದ ಹಾಗೆ, ಮೇಜಿನ ಮೇಲೇ ಎಳೆದಳು. ಮತ್ತೊಂದು ಮೂಲೆ. ದೀಪಕ್ಕೆ ಬಗ್ಗಿ ತೂತಿದೆಯೇ ನೋಡಿದಳು. ತಟ್ಟೆ ಇಟ್ಟು ಮಡಿಸಿದಳು, ಎರಡನೇ ಬಟ್ಟೆ, ಟೇಪು, ತಾರೀಖು, ಸಹಿ. ಉಸಿರಾಡಿದ ಸದ್ದೂ ಇಲ್ಲ. ಪೊಟ್ಟಣ ಮುಂದಕ್ಕೆ ತಳ್ಳಿದಾಗ ಹದಿನೈದು ಸೆಕೆಂಡು ಉಳಿದಿತ್ತು.

ಪರೀಕ್ಷಕಿ ಪೊಟ್ಟಣ ತಿರುಗಿಸಿ ತಿರುಗಿಸಿ ನೋಡಿದಳು, ಬರೆದಳು, ಹಾಳೆ ಹರಿದು ಕೊಟ್ಟಳು. “ಪಾಸಾಗಿದೀರಿ ಅಮ್ಮ.”

ನಾನು ಬೆಂಚಿನಿಂದ ಎದ್ದೆ. ಆದರೆ ಅಕ್ಕ ಹೊರಗೆ ಬರಲಿಲ್ಲ. ಹಾಳೆ ಓದುತ್ತಾ ನಿಂತಿದ್ದಳು.

“ಇದೇನಿದು ಕೊನೇಲಿ ಬರೆದಿರೋದು?”

“ಕೆಲಸದ ಬಗ್ಗೆ ಒಂದು ಮಾತು ಬರೀಬೇಕು. ‘ಕೆಲಸ ಶುದ್ಧ. ತೀರಾ ನಿಧಾನ.’”

“ಯಾರು ನಿಧಾನ?”

“ಬೇಜಾರು ಮಾಡ್ಕೋಬೇಡಿ...”

“ನಾನು? ನಿಮಿಷಕ್ಕೆ ಆರು ಹಾಸಿಗೆ ಬಟ್ಟೆ ಮಡಿಸೋಳು ನಾನು! ಆಸ್ಪತ್ರೇಲಿ ಯಾರನ್ನ ಬೇಕಾದ್ರೂ ಕೇಳಿ. ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬ, ಒಬ್ಬನೇ ಒಬ್ಬ ನನ್ನನ್ನ ನಿಧಾನ ಅಂದಿದ್ರೆ ಹೇಳಿ!”

ನನ್ನ ಅಕ್ಕ ದನಿ ಏರಿಸಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.

“ಇನ್ನೊಂದು ತಟ್ಟೆ ಕೊಡಿ” ಎಂದಳು. “ಮೂರು ನಿಮಿಷ. ಗಡಿಯಾರ ಹಿಡ್ಕೊಳ್ಳಿ, ಮೂರೇ ನಿಮಿಷದಲ್ಲಿ ಕಟ್ಟಿ ಬಿಸಾಕ್ತೀನಿ.” ಹಾಗೆನ್ನುತ್ತಲೇ ಪಕ್ಕದ ರಾಶಿಯಿಂದ ಒಂದು ಬಟ್ಟೆ ಎಳೆದುಕೊಂಡಳು. ಎರಡು ಮೂಲೆ ಹಿಡಿದಳು. ಗಾಜಿನಾಚೆ ಅವಳ ಮಣಿಕಟ್ಟು ತಿರುಗುವುದು ನನಗೆ ಕಂಡಿತು.

ಬಾಗಿಲನ್ನು ನಾನು ತೆರೆದೆನೋ ಒದ್ದೆನೋ ನೆನಪಿಲ್ಲ. ಆ ಚಿಲಕ ಆಮೇಲೆ ಪೂರ್ತಿ ಕಿತ್ತುಬಂದಿತ್ತು, ಅದಕ್ಕೆ ನಾನೇ ಹೊಸದು ಹಾಕಿಕೊಟ್ಟೆ. ಎರಡು ಹೆಜ್ಜೆಗೆ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡೆ.

“ಅಕ್ಕಾ, ಮುಗೀತು! ಪಾಸಾಗಿದೀಯ! ಬಟ್ಟೆ ಬಿಡು!”

“ನಿಧಾನ ಅಂತಾಳೆ ಕಣೋ!”

“ಅನ್ನಲಿ! ಸಿಟ್ಟು ಮಾಡ್ಕೋಬಾರದು, ಸಮಾಧಾನ ಮಾಡ್ಕೋ!”

ಇದನ್ನು ನಾನು ಹೇಳಿದೆನೆಂದು ಇವತ್ತಿಗೂ ಮನೆಯಲ್ಲಿ ಯಾರೂ ನಂಬುವುದಿಲ್ಲ. ಪರೀಕ್ಷಕಿ ನಮ್ಮಿಬ್ಬರನ್ನೂ ಬಾಗಿಲ ತನಕ ದೂಡಿಕೊಂಡು ಬಂದು, “ಅಮ್ಮ, ಈ ಕೆಲಸದಲ್ಲಿ ನಿಧಾನ ಅನ್ನೋದು ಬೈಗುಳ ಅಲ್ಲ” ಎಂದಳು. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಂಟೆ ನಾಲ್ಕೂ ಹದಿನೈದು. ಬಸ್ಸು ಸಿಕ್ಕಿದ್ದು ನಾಲ್ಕೂವರೆಗೆ. ಪ್ರತಿ ನಿಲ್ದಾಣದಲ್ಲೂ ಯಾರೋ ಒಬ್ಬರು ಚಿಲ್ಲರೆ ಹುಡುಕುತ್ತಿದ್ದರು. ಪ್ರತಿ ನಿಲ್ದಾಣದಲ್ಲೂ ಅಕ್ಕ “ನಿಧಾನವಂತೆ” ಎನ್ನುತ್ತಿದ್ದಳು. ಆಸ್ಪತ್ರೆಯ ಗೇಟಿನಲ್ಲಿ ಇಳಿದಾಗ ಐದಕ್ಕೆ ನಾಲ್ಕು ನಿಮಿಷ. ಲಿಫ್ಟಿನ ಮುಂದೆ ಜನ. ಅಕ್ಕ ಮೆಟ್ಟಿಲು ಹಿಡಿದಳು. ಐವತ್ತೆರಡು ವರ್ಷದ ಹೆಂಗಸು ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ, ಹಿಂದಿನಿಂದ, ಬಹಳ ದೂರದಿಂದ.

ನಾನು ಏದುಸಿರು ಬಿಡುತ್ತಾ ಎರಡನೇ ಮಹಡಿಯ ಆಫೀಸು ಸೇರುವಷ್ಟರಲ್ಲಿ ದೊಡ್ಡ ನರ್ಸಮ್ಮ ಹಾಳೆಯ ಮೇಲೆ ಮೊಹರು ಒತ್ತಿಯಾಗಿತ್ತು. ಕನ್ನಡಕ ಏರಿಸಿ ಓದುತ್ತಿದ್ದರು.

“‘ಕೆಲಸ ಶುದ್ಧ, ತೀರಾ ನಿಧಾನ.’ ನಮ್ಮ ಸಲಕರಣೆ ಕೋಣೆಗೆ ಇಂಥವರೇ ಬೇಕಾಗಿದ್ರು. ಸೋಮವಾರದಿಂದ ಅಲ್ಲಿಗೇ ಬಂದುಬಿಡಮ್ಮ. ಉಳಿದ ಭಾಗ ನಿಧಾನಕ್ಕೆ ಮಾಡ್ಕೋ, ಅವಸರ ಇಲ್ಲ.”

ನಿಧಾನಕ್ಕೆ ಎಂಬ ಮಾತು ಮತ್ತೆ ಬಂದದ್ದಕ್ಕೆ ನಾನು ಗೋಡೆ ಹಿಡಿದುಕೊಂಡೆ. ಅಕ್ಕ ಹಣೆಯ ಬೆವರು ಒರೆಸಿಕೊಂಡಳು.

“ಎರಡನೇ ಭಾಗಕ್ಕೂ ಇದೇ ಪರೀಕ್ಷಕಿ ಬರ್ತಾರಾ?” ಎಂದು ಕೇಳಿದಳು.

“ಅವರೇ ಇರಬೇಕು. ಯಾಕೆ?”

ಅಕ್ಕ ನನ್ನ ಕಡೆ ತಿರುಗಿದಳು.

“ಸಾಲದ ಆಫೀಸು ನಾಳೆ ಎಷ್ಟು ಗಂಟೆಗೆ ತೆಗೀತಾರೋ?”